'ಅವೇ' (away) ಫ್ಯಾನ್ಸ್‌ನ ಬ್ಯಾನ್ ಮಾಡಿದ್ರೆ ಗಲಾಟೆ ನಿಲ್ಲಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರ್‌ನಲ್ಲಿ ಓದುಗರೊಬ್ರು ಬರೆದಿದ್ದ ಪತ್ರ ನೋಡಿದೆ. ಫುಟ್‌ಬಾಲ್ ಮ್ಯಾಚ್‌ಗಳಲ್ಲಿ ಗಲಾಟೆ ಆಗೋದೇ ಎದುರಾಳಿ ಟೀಮಿನ ಫ್ಯಾನ್ಸ್ ಸ್ಟೇಡಿಯಂಗೆ ಬರೋದ್ರಿಂದ, ಅವರಿಗೆ ಟಿಕೆಟ್ ಕೊಡೋದನ್ನೇ ನಿಲ್ಲಿಸಿಬಿಟ್ರೆ ಎಲ್ಲಾ ತಣ್ಣಗಾಗುತ್ತೆ, ಬೇಕಿದ್ರೆ ಮನೇಲಿ ಕೂತು ಟೀವೀಲಿ ನೋಡ್ಕೊಳ್ಳಲಿ ಅನ್ನೋದು ಅವರ ವಾದ. ಬಿಡು ನಮಗ್ಯಾಕೆ ಅಂತ ಪೇಪರ್ ಮಡಚಿಟ್ಟೆ, ಆದ್ರೆ ರಾತ್ರಿ ಮಲಗಿದ್ಮೇಲೂ ಅದೇ ತಲೇಲಿ ಓಡ್ತಿತ್ತು, ಯಾಕಂದ್ರೆ ಆ ಪತ್ರದಲ್ಲಿ ಹತ್ತು ಸಲ ಬಂದಿರೋ "ಅವರು" ಅಂದ್ರೆ ನಾನೇ. ಎಂಟು ವರ್ಷದಿಂದ ಅವೇ ಮ್ಯಾಚ್‌ಗೆ ಹೋಗ್ತಿದೀನಿ. ನಮ್ಮ ಟೀಮು ನಮ್ಮ ಗ್ರೌಂಡಲ್ಲಿ ಆಡಿದ್ರೆ ಹೋಮ್, ಎದುರಾಳಿ ಗ್ರೌಂಡಿಗೆ ಹೋಗಿ ಆಡಿದ್ರೆ ಅವೇ, ಲೀಗ್‌ನಲ್ಲಿ ಅರ್ಧಕ್ಕರ್ಧ ಮ್ಯಾಚು ಹೀಗೇ ಇರುತ್ತೆ, ಟೀಮ್ ಹೋದ ಕಡೆ ಹಿಂದೆ ನಾವೂ ಹೋಗ್ತೀವಿ. ನಾನು ಜಗಳಗಂಟ ಅಲ್ಲ. ವಯಸ್ಸು ನಲವತ್ತು ದಾಟಿದೆ, ಮಂಡಿ ನೋವು ಬೇರೆ, ಯಾರಾದ್ರೂ ಹೊಡೆಯೋಕೆ ಬಂದ್ರೆ ಓಡೋಕೂ ಆಗಲ್ಲ.

ಮೊದ್ಲು ಈ ಟಿಕೆಟ್ ಹೆಂಗೆ ಸಿಗುತ್ತೆ ಅನ್ನೋದು ಹೇಳ್ಬಿಡ್ತೀನಿ, ಬಹಳ ಜನ ಯಾರು ಬೇಕಾದ್ರೂ ಹೋಗಿ ಕೌಂಟರಲ್ಲಿ ದುಡ್ಡು ಕೊಟ್ಟು ಒಳಗೆ ನುಗ್ಗಬಹುದು ಅನ್ಕೊಂಡಿದಾರೆ. ದೊಡ್ಡ ಲೀಗ್‌ಗಳಲ್ಲಿ ಹಾಗಿಲ್ಲ. ಆತಿಥೇಯ ಕ್ಲಬ್ಬು ಒಂದು ಮೂಲೆ ಸೀಟುಗಳನ್ನ ನಮ್ಮ ಕ್ಲಬ್ಬಿಗೆ ಬಿಟ್ಕೊಡುತ್ತೆ, ನಮ್ಮ ಕ್ಲಬ್ಬು ಅದನ್ನ ತನ್ನ ಮೆಂಬರ್‌ಗಳಿಗೆ ಹಂಚುತ್ತೆ, ಸುಮಾರು ಕ್ಲಬ್ಬುಗಳಲ್ಲಿ ಹಿಂದೆ ಎಷ್ಟು ಅವೇ ಮ್ಯಾಚ್‌ಗೆ ಹೋಗಿದೀಯ ಅಂತ ಪಾಯಿಂಟ್ ಲೆಕ್ಕ ಬೇರೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗಲ್ಲಿ 3,000 ಟಿಕೆಟ್ ಅಥವಾ ಸ್ಟೇಡಿಯಂ ಸಾಮರ್ಥ್ಯದ 10 ಪರ್ಸೆಂಟ್, ಯಾವ್ದು ಕಮ್ಮಿಯೋ ಅದು. ಜರ್ಮನಿಯ ಬುಂಡೆಸ್‌ಲಿಗಾದಲ್ಲಿ 10 ಪರ್ಸೆಂಟ್. ಯೂರೋಪಿನ ಕ್ಲಬ್ ಕಪ್‌ಗಳಲ್ಲಿ 5 ಪರ್ಸೆಂಟ್. ಅಂದ್ರೆ ಅರವತ್ತು ಸಾವಿರ ಜನ ಹಿಡಿಯೋ ಸ್ಟೇಡಿಯಂನಲ್ಲಿ ನಾವು ಮೂರು ಸಾವಿರ, ಇಪ್ಪತ್ತಕ್ಕೆ ಒಬ್ಬ. ಜಗಳ ಕಾಯೋಕೆ ಹೋಗೋನು ಹತ್ತೊಂಬತ್ತು ಜನದ ಮಧ್ಯೆ ತಾನೊಬ್ನೇ ಹೋಗಿ ಕೂರ್ತಾನಾ ಸ್ವಾಮಿ? ಅದೂ ಅಲ್ದೇ ನನ್ನ ಟಿಕೆಟ್ಟು ನನ್ನ ಮೆಂಬರ್‌ಶಿಪ್ ಹೆಸರಲ್ಲಿರುತ್ತೆ, ನಾನೇನಾದ್ರೂ ಒಂದು ಬಾಟಲ್ ಎಸೆದ್ರೆ ಸೀಟ್ ನಂಬರ್ ನೋಡಿ ನಮ್ಮ ಕ್ಲಬ್ಬೇ ನನ್ನ ಆಚೆ ಹಾಕುತ್ತೆ, ಎಂಟು ವರ್ಷ ಕೂಡಿಟ್ಟ ಪಾಯಿಂಟು ನೀರಲ್ಲಿ ಹೋಮ. ಇಡೀ ಸ್ಟೇಡಿಯಂನಲ್ಲಿ ಯಾರ್ಯಾರು ಎಲ್ಲೆಲ್ಲಿ ಕೂತಿದಾರೆ ಅಂತ ಪಕ್ಕಾ ಗೊತ್ತಿರೋದು ಬಹುಶಃ ನಮ್ಮ ಮೂಲೇದು ಮಾತ್ರ.

ಈ ಸೀಸನ್ನಲ್ಲೇ ನಡೆದ ಒಂದು ಮ್ಯಾಚ್ ಕತೆ ಹೇಳ್ತೀನಿ, ಯಾವ ಕ್ಲಬ್ಬು ಅಂತ ಬೇಡ, ಹೆಸರು ಹೇಳಿದ್ರೆ ಮಾತು ಬೇರೆ ಕಡೆ ಹೋಗುತ್ತೆ. ನನ್ನ ಅಕ್ಕನ ಮಗ, ಹನ್ನೆರಡು ವರ್ಷ, ಅವನಿಗೆ ಅದು ಮೊದಲ ಅವೇ ಮ್ಯಾಚು. ವಾರದಿಂದ ನಿದ್ದೆ ಇಲ್ಲ ಆ ಹುಡುಗನಿಗೆ. ಒಂದು ರಟ್ಟಿನ ಮೇಲೆ ತನ್ನ ಇಷ್ಟದ ಪ್ಲೇಯರ್ ಹೆಸರು ಬರೆದು, ಬಣ್ಣ ತುಂಬಿ, ಹಿಂದುಗಡೆ ಒಂದು ಕೋಲು ಅಂಟಿಸ್ಕೊಂಡಿದ್ದ, ಎತ್ತಿ ಹಿಡಿಯೋಕೆ. ಸ್ಟೇಷನ್ನಿಂದ ನಡ್ಕೊಂಡು ಹೋದ್ವಿ, ಜನದ ಹಿಂದೆ ಜನ, ದಾರಿ ತಪ್ಪೋ ಮಾತೇ ಇಲ್ಲ, ಎಲ್ರೂ ಒಂದೇ ಕಡೆ ಹೋಗ್ತಿರ್ತಾರಲ್ಲ, ಆದ್ರೆ ಸ್ಟೇಡಿಯಂ ಹತ್ರ ಬಂದ್ಮೇಲೆ ಶುರುವಾಯ್ತು ನೋಡಿ. ಹೋಮ್ ಫ್ಯಾನ್ಸ್‌ಗೆ ಎಲ್ಲಾ ಕಡೆ ಬೋರ್ಡು, ಈ ಗೇಟ್ ಈ ಕಡೆ, ಆ ಗೇಟ್ ಆ ಕಡೆ ಅಂತ ಬಾಣದ ಗುರುತು, ನಮ್ಮ ಗೇಟಿಗೆ ಒಂದೂ ಬೋರ್ಡಿಲ್ಲ. ಒಬ್ಬ ಸ್ಟೀವರ್ಡ್‌ನ, ಅಂದ್ರೆ ಜನರನ್ನ ನೋಡ್ಕೊಳ್ಳೋಕೆ ಇಟ್ಟಿರೋ ಸ್ಟೇಡಿಯಂ ಸಿಬ್ಬಂದೀನ, ಕೇಳಿದ್ರೆ ಎಡಗಡೆ ಅಂದ, ಇನ್ನೊಬ್ಬ ಬಂದ ದಾರೀಲೇ ವಾಪಸ್ ಹೋಗಿ ಅಂದ, ಮೂರನೆಯವನು ಟಿಕೆಟ್ಟನ್ನ ಕೈಗೆ ತಗೊಂಡು ತಿರುಗ್ಸಿ ಮುರುಗ್ಸಿ ನೋಡಿ "ಇದು ನನ್ನ ಸೆಕ್ಷನ್ ಅಲ್ಲ" ಅಂತ ಕೈಗಿಟ್ಟ. ಕೊನೆಗೆ ಇಡೀ ಸ್ಟೇಡಿಯಂ ಒಂದು ಪ್ರದಕ್ಷಿಣೆ ಹಾಕಿದ್ವಿ, ಸಾವಿರಾರು ಹೋಮ್ ಫ್ಯಾನ್ಸ್ ಮಧ್ಯೆ. ನಾನು ಮೆಲ್ಲಗೆ ಅವನಿಗೆ ಜಾಕೆಟ್ ಜಿಪ್ ಮೇಲಕ್ಕೆ ಎಳ್ಕೋ, ಸ್ಕಾರ್ಫ್ ಕಾಣಿಸೋದು ಬೇಡ ಅಂದೆ. "ಯಾಕೆ ಮಾಮ? ನಾವೇನ್ ಮಾಡಿದೀವಿ?" ಅಂದ. ಉತ್ತರ ಕೊಡೋಕೆ ಆಗ್ಲಿಲ್ಲ.

ಒಂದು ಮೂಲೆ ತಿರುಗೋವಾಗ ಅವರ ಟೀಮಿನ ಟೋಪಿ ಹಾಕಿದ್ದ ಒಬ್ಬ ಅಜ್ಜ ನಮ್ಮನ್ನೇ ನೋಡ್ತಾ ನಿಂತಿದ್ರು. ಹುಡುಗನ ಜಾಕೆಟ್ ಕೆಳಗಡೆಯಿಂದ ಸ್ಕಾರ್ಫಿನ ಕುಚ್ಚು ನಾಲ್ಕು ಬೆರಳು ಇಣುಕ್ತಿತ್ತು. ಆಯ್ತು ಇವತ್ತು ಅನ್ಕೊಂಡೆ. ಅವರು ಹತ್ರ ಬಂದು, ನಿಮ್ಮ ಗೇಟು ಇಲ್ಲಲ್ಲ, ಈ ಗೋಡೆ ಹಿಡ್ಕೊಂಡು ಸೀದಾ ಹೋಗಿ, ಕಸದ ಡಬ್ಬಗಳು ಬರುತ್ತೆ, ಅದರ ಹಿಂದೆ ನೀಲಿ ಬಾಗಿಲು ಅಂತ ಹೇಳಿ, ಹುಡುಗನ ತಲೆ ಸವರಿ, "ಚೆನ್ನಾಗಿ ಕೂಗು, ಆದ್ರೆ ಸೋತು ಹೋಗು" ಅಂದ್ರು ನಗ್ತಾ. ಅಲ್ಲಿ ಕೆಲಸಕ್ಕಿದ್ದ ಮೂರು ಜನಕ್ಕೆ ಗೊತ್ತಿಲ್ಲದ್ದು ಆ ಎದುರಾಳಿ ಫ್ಯಾನಿಗೆ ಗೊತ್ತಿತ್ತು. ಕಸದ ಡಬ್ಬದ ಹಿಂದೆ ಅನ್ನೋದು ತಮಾಷೆಗೆ ಹೇಳಿದ್ದು ಅನ್ಕೊಂಡಿದ್ದೆ, ಹೋಗಿ ನೋಡಿದ್ರೆ ನಿಜವಾಗ್ಲೂ ಅಲ್ಲೇ ಇತ್ತು ಗೇಟು.

ನಾಲ್ಕು ತಿರುಗೋ ಗೇಟಲ್ಲಿ ತೆಗೆದಿದ್ದು ಎರಡು. ಆಟ ಶುರುವಾಗೋಕೆ ಇನ್ನು ಇಪ್ಪತ್ತು ನಿಮಿಷ, ಹೊರಗೆ ಸಾವಿರದ ಮೇಲೆ ಜನ. ಒಬ್ಬೊಬ್ಬರನ್ನೂ ಪಕ್ಕಕ್ಕೆ ನಿಲ್ಲಿಸಿ ಜೇಬು, ಬೆಲ್ಟು, ಕೆಲವರದ್ದು ಶೂ ಕೂಡ ಬಿಚ್ಚಿಸಿ ನೋಡ್ತಿದ್ರು. ನೋಡ್ಲಿ, ತಪ್ಪಲ್ಲ, ಒಳಗೆ ಪಟಾಕಿ ತಗೊಂಡು ಹೋಗೋ ಪುಣ್ಯಾತ್ಮರು ನಮ್ಮಲ್ಲೂ ಇದಾರೆ. ಆದ್ರೆ ಹುಡುಕೋ ರೀತಿ ಇದೆಯಲ್ಲ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಏನೂ ಮಾಡದೇ ಇರೋ ನಾನೇ ಎರಡು ಸಲ ನನ್ನ ಜೇಬು ಮುಟ್ಟಿ ನೋಡ್ಕೊಂಡೆ. ಹುಡುಗನ ರಟ್ಟು ಕಿತ್ಕೊಂಡ್ರು. ಕೋಲಿದೆ, ಆಯುಧ ಆಗುತ್ತೆ ಅಂತ. ಕೋಲು ಕಿತ್ತು ಬಿಸಾಕಿ ರಟ್ಟು ಕೊಡಿ ಅಂದೆ, ಕೊಡಲಿಲ್ಲ, ಅದು ಹೋಗಿ ಆ ಡಬ್ಬಕ್ಕೇ ಬಿತ್ತು. ಅವನು ಅಳಲಿಲ್ಲ, ಅತ್ತಿದ್ರೆ ನನಗೆ ಸಮಾಧಾನ ಆಗ್ತಿತ್ತು.

ಮೆಟ್ಟಿಲು ಹತ್ತೋವಾಗ ಒಳಗಿಂದ ಒಂದು ಗದ್ದಲ ಬಂತು, ಕಾಲ ಕೆಳಗಿನ ಕಾಂಕ್ರೀಟು ಅದುರೋ ಅಂಥದ್ದು. ಅವೇ ಫ್ಯಾನಿಗೆ ಸ್ಕೋರ್‌ಬೋರ್ಡ್ ಬೇಕಾಗಿಲ್ಲ, ಅಷ್ಟು ಸದ್ದು ಬಂತು ಅಂದ್ರೆ ಗೋಲು ಅವರದ್ದೇ. ಒಂಬತ್ತನೇ ನಿಮಿಷಕ್ಕೆ ಸೀಟಿಗೆ ಹೋದ್ವಿ, ಆಗಲೇ 1-0. ಸೀಟು ಅಂದ್ನಲ್ಲ, ಮುಂದೆ ಒಂದು ಕಂಬ, ಆ ಕಡೆ ಗೋಲ್‌ಪೋಸ್ಟು ಅರ್ಧ ಮಾತ್ರ ಕಾಣುತ್ತೆ, ನಮಗೂ ಹೋಮ್ ಫ್ಯಾನ್ಸ್‌ಗೂ ಮಧ್ಯೆ ಎಂಟ್ಹತ್ತು ಸಾಲು ಖಾಲಿ ಬಿಟ್ಟು ಮೇಲೆ ಬಟ್ಟೆ ಹೊದಿಸಿದ್ರು, ಅದರಾಚೆ ಬಲೆ. ಇದೇನು ನಮಗೆ ಹೊಸದಲ್ಲ. ಅವೇ ಫ್ಯಾನ್ಸ್‌ಗೆ ಕೊಡೋ ಜಾಗ ಸಾಮಾನ್ಯವಾಗಿ ಯಾರಿಗೂ ಬೇಡದ ಜಾಗವೇ. ಇಂಗ್ಲೆಂಡಿನ ನ್ಯೂಕಾಸಲ್‌ನ ಸೇಂಟ್ ಜೇಮ್ಸ್ ಪಾರ್ಕ್ ಇದಕ್ಕೆ ಫೇಮಸ್ಸು, ಅಲ್ಲಿ ಬಹಳ ವರ್ಷ ಹೊರಗಿನೋರಿಗೆ ಕೊಡ್ತಿದ್ದದ್ದು ಸ್ಟ್ಯಾಂಡಿನ ತುತ್ತತುದಿ, ಹದಿನಾಲ್ಕು ಸುತ್ತು ಮೆಟ್ಟಿಲು ಹತ್ತಿ ಹೋದ್ರೆ ಆಟಗಾರರು ಇರುವೆ ಥರ ಕಾಣ್ತಾರೆ. ಆದ್ರೂ ಅಲ್ಲಿಗೆ ಹೋಗಿ ಬಂದೋರು ಆ ಮೆಟ್ಟಿಲಿನ ಬಗ್ಗೆ ಎಷ್ಟು ಹೆಮ್ಮೆಯಿಂದ ಹೇಳ್ತಾರೆ ಅಂದ್ರೆ, ಬೆಟ್ಟ ಹತ್ತಿ ಬಂದೋರೂ ಅಷ್ಟು ಹೇಳಲ್ಲ.

ಎಪ್ಪತ್ತೆಂಟನೇ ನಿಮಿಷದಲ್ಲಿ ನಮ್ಮೋರು ಗೋಲ್ ಹೊಡೆದ್ರು. ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು, ಯಾಕಂದ್ರೆ ಟೀವೀಲಿ ನೋಡ್ಕೊಳ್ಳಲಿ ಅಂದ್ರಲ್ಲ ಅವರಿಗೆ ಇದು ಗೊತ್ತಿಲ್ಲ. ಹೋಮ್ ಗೋಲಿಗೆ ಸದ್ದು ಎಲ್ಲಾ ಕಡೆಯಿಂದ ಒಟ್ಟಿಗೇ ಬರುತ್ತೆ. ಅವೇ ಗೋಲಿಗೆ ಮೊದ್ಲು ಬರೋದು ನಿಶ್ಶಬ್ದ. ಕಾರ್ನರ್ ಕಿಕ್ಕು, ಯಾರದ್ದೋ ತಲೆಗೆ ತಾಗ್ತು, ಬಾಲ್ ನೆಟ್ಟಿಗೆ ಉಜ್ಜಿದ ಸದ್ದು ಆ ಮೂಲೆವರೆಗೂ ಕೇಳ್ತು ನನಗೆ, ಸುತ್ತ ಅಷ್ಟು ಜನ ಒಂದೇ ಸಲ ಬಾಯಿ ಮುಚ್ಚಿದ್ರು ಅಂತ ಅರ್ಥ. ಅದಾದ ಅರ್ಧ ಸೆಕೆಂಡಿಗೆ ನಮ್ಮ ಬ್ಲಾಕ್ ಸಿಡೀತು. ಹುಡುಗ ಯಾರೋ ಗುರ್ತಿಲ್ಲದವರ ಹೆಗಲ ಮೇಲಿದ್ದ, ನನ್ನ ಕನ್ನಡಕ ಹಾರಿ ಹೋಗಿ ಮೂರು ಸಾಲು ಕೆಳಗೆ ಬಿತ್ತು, ಐದು ನಿಮಿಷ ಆದ್ಮೇಲೆ ಕೈಯಿಂದ ಕೈಗೆ ದಾಟ್ಕೊಂಡು ವಾಪಸ್ ಬಂತು, ಒಂದು ಕಡ್ಡಿ ಸೊಟ್ಟ ಆಗಿತ್ತು. ಈ ಪತ್ರ ಬರೀತಿರೋದೂ ಅದನ್ನೇ ಹಾಕ್ಕೊಂಡು, ರಿಪೇರಿ ಮಾಡ್ಸಿಲ್ಲ, ಮಾಡ್ಸೋದೂ ಇಲ್ಲ.

ಮ್ಯಾಚ್ 1-1 ಡ್ರಾ. ಸೀಟಿ ಊದಿದ ತಕ್ಷಣ ಹೋಮ್ ಫ್ಯಾನ್ಸ್ ಹೊರಟ್ರು, ನಮ್ಮ ಬಾಗಿಲು ಮಾತ್ರ ಹಾಕಿದ ಹಾಗೇ ಇತ್ತು. ಇದಕ್ಕೆ ಕಾರಣ ಇದೆ, ಎರಡೂ ಕಡೆಯೋರು ಒಂದೇ ರಸ್ತೆಗೆ ಒಟ್ಟಿಗೆ ಬೀಳೋದು ಬೇಡ ಅಂತ ಹೊರಗಿನೋರನ್ನ ಸ್ವಲ್ಪ ಹೊತ್ತು ಒಳಗೇ ಹಿಡಿದಿಡ್ತಾರೆ, ಸುಮಾರು ದೇಶಗಳಲ್ಲಿ ಇದು ಮಾಮೂಲಿ. ನನ್ನ ತಕರಾರು ಹಿಡಿದಿಟ್ಟಿದ್ದಕ್ಕಲ್ಲ. ಹತ್ತು ನಿಮಿಷ ಆಯ್ತು, ಇಪ್ಪತ್ತಾಯ್ತು, ಮೈಕಲ್ಲಿ ಒಂದು ಮಾತಿಲ್ಲ. ಕೆಳಗಿನ ಟಾಯ್ಲೆಟ್ ಶಟರ್ ಎಳೆದು ಬೀಗ ಹಾಕ್ಬಿಟ್ಟಿದ್ರು. ಅರ್ಧ ಗಂಟೆಗೆ ಗ್ರೌಂಡಿನ ದೊಡ್ಡ ಲೈಟುಗಳು ಆರಿದ್ವು, ನಾವು ಕತ್ತಲಲ್ಲಿ ನಿಂತಿದೀವಿ. ಕೊನೆ ಟ್ರೈನಿಗೆ ಟೈಮ್ ಆಗ್ತಿದೆ. ಒಬ್ರು ವಯಸ್ಸಾದವರು ಮಾತ್ರೆ ತಗೋಬೇಕು ನೀರು ಕೊಡಿ ಅಂದ್ರೆ ಅಲ್ಲಿದ್ದೋನು ಮುಖ ತಿರುಗ್ಸಿದ. ಆಗ ನೋಡಿ ಶುರುವಾಯ್ತು, ಹಿಂದಿನ ಸಾಲಲ್ಲಿ ಯಾರೋ ಬಾಗಿಲು ಗುದ್ದೋಕೆ ಶುರು ಮಾಡಿದ್ರು, ಇನ್ಯಾರೋ ಕೆಟ್ಟ ಮಾತಲ್ಲಿ ಕೂಗಿದ್ರು, ಮ್ಯಾಚ್ ಇಡೀ ಒಂದು ತಕರಾರೂ ಮಾಡದಿದ್ದ ಜನ ನಲವತ್ತು ನಿಮಿಷದಲ್ಲಿ ಬೇರೆ ಥರ ಆಗ್ಬಿಟ್ರು. ಆ ಹೊತ್ತಿಗೆ ಯಾರಾದ್ರೂ ಒಂದು ಫೋಟೋ ತೆಗೆದಿದ್ರೆ ಮಾರನೇ ದಿನ ನಿಮ್ಮ ಪೇಪರಲ್ಲಿ "ಅಭಿಮಾನಿಗಳ ದಾಂಧಲೆ" ಅಂತ ಬರ್ತಿತ್ತು.

ಅದನ್ನ ನಿಲ್ಸಿದ್ದು ಪೊಲೀಸ್ ಅಲ್ಲ, ಒಬ್ಬಳು ಸ್ಟೀವರ್ಡ್ ಹುಡುಗಿ, ಇಪ್ಪತ್ತು ಇಪ್ಪತ್ತೊಂದು ವಯಸ್ಸಿರಬಹುದು. ಸೀಟಿನ ಮೇಲೆ ಹತ್ತಿ ನಿಂತು ಹೇಳಿದ್ಳು, ನನಗೂ ಇನ್ನೂ ಗೊತ್ತಿಲ್ಲ, ರೇಡಿಯೋದಲ್ಲಿ ಹೇಳಿಲ್ಲ, ಹೇಳಿದ ತಕ್ಷಣ ನಿಮಗೆ ಹೇಳ್ತೀನಿ, ಟಾಯ್ಲೆಟ್ ತೆಗೆಸ್ತೀನಿ ಅಂತ. ಅಷ್ಟೇ. ಬಾಗಿಲು ಗುದ್ದೋದು ನಿಂತೋಯ್ತು. ಮೂರು ನಿಮಿಷಕ್ಕೆ ಶಟರ್ ಮೇಲೆ ಹೋಯ್ತು, ಹತ್ತು ನಿಮಿಷಕ್ಕೆ ಹೊರಗೆ ಬಿಟ್ರು. ನಾನು ಇಷ್ಟುದ್ದ ಬರೀತಿರೋದು ಇದೊಂದು ಮಾತು ಹೇಳೋಕೆ: ಅವೇ ಫ್ಯಾನ್ಸ್ ಬಂದ್ರೆ ಗಲಾಟೆ ಆಗಲ್ಲ, ಬಂದೋರಿಗೆ ಏನೂ ಹೇಳ್ದೆ, ದಾರಿ ತೋರ್ಸದೆ, ಕೂಡಿ ಹಾಕಿದ್ರೆ ಆಗುತ್ತೆ.

ಹೊರಗೆ ಬಿಟ್ರು ಅಂದ್ನಲ್ಲ, ಅದೂ ಎಲ್ರನ್ನೂ ಒಂದೇ ಸಲ, ಒಂದೇ ಕಿರಿದಾದ ಮೆಟ್ಟಿಲಲ್ಲಿ, ಕೆಳಗೆ ಬಾಗಿಲಿನ ಒಂದು ರೆಕ್ಕೆ ಮಾತ್ರ ತೆಗೆದಿತ್ತು. ಹುಡುಗನ ಕಾಲು ಎರಡು ಮೆಟ್ಟಿಲು ನೆಲಕ್ಕೇ ತಾಗಲಿಲ್ಲ, ಜನವೇ ಎತ್ಕೊಂಡು ಹೋಯ್ತು. ಆ ದಿನ ನನಗೆ ಭಯ ಆಗಿದ್ದು ಆಗ ಮಾತ್ರ, ಹತ್ತಿರದಲ್ಲಿ ಒಬ್ಬ ಹೋಮ್ ಫ್ಯಾನೂ ಇರಲಿಲ್ಲ.

ಈಗ ಬ್ಯಾನ್ ವಿಷಯಕ್ಕೆ ಬರ್ತೀನಿ. 2022ರ ಅಕ್ಟೋಬರ್ 1ರಂದು ಇಂಡೋನೇಷ್ಯಾದ ಮಲಾಂಗ್‌ನ ಕಂಜುರುಹಾನ್ ಸ್ಟೇಡಿಯಂನಲ್ಲಿ ಅರೆಮಾ ಮತ್ತು ಪೆರ್ಸೆಬಾಯಾ ಟೀಮುಗಳ ಮ್ಯಾಚು. ಹಳೇ ವೈರಿಗಳು ಅಂತ ಪೆರ್ಸೆಬಾಯಾ ಫ್ಯಾನ್ಸ್‌ಗೆ ಬರೋಕೇ ಬಿಟ್ಟಿರಲಿಲ್ಲ, ಅಂದ್ರೆ ಆ ಓದುಗರು ಕೇಳಿದ ವ್ಯವಸ್ಥೆ ಅಲ್ಲಿ ಆಗಲೇ ಇತ್ತು. ಅರೆಮಾ 3-2ರಲ್ಲಿ ಸೋತಿತು, ಕೆಲವರು ಮೈದಾನಕ್ಕಿಳಿದ್ರು, ಪೊಲೀಸರು ಸ್ಟ್ಯಾಂಡಿನ ಕಡೆಗೂ ಅಶ್ರುವಾಯು ಹೊಡೆದ್ರು, ಕಣ್ಣು ಉರೀತಾ ಬಾಗಿಲ ಕಡೆ ಓಡಿದ ಜನ ಕಿರಿದಾದ ದಾರಿಗಳಲ್ಲಿ ಸಿಕ್ಕಾಕ್ಕೊಂಡ್ರು. ಸತ್ತೋರು 135 ಜನ, ಎಷ್ಟೋ ಮಕ್ಕಳು. ಸ್ಟೇಡಿಯಂ ತುಂಬಾ ಇದ್ದದ್ದು ಒಂದೇ ಟೀಮಿನ ಫ್ಯಾನ್ಸು. ಆ ಮೆಟ್ಟಿಲಲ್ಲಿ ಹುಡುಗನ ಕಾಲು ಗಾಳೀಲಿದ್ದಾಗ ನನಗೆ ನೆನಪಾಗಿದ್ದು ಇದೇ.

ಅರ್ಜೆಂಟೀನಾ ನೋಡಿ. ಅಲ್ಲಿ 2013ರಿಂದ ಲೀಗ್ ಮ್ಯಾಚ್‌ಗಳಿಗೆ ಅವೇ ಫ್ಯಾನ್ಸ್‌ನ ಬಿಡೋದು ನಿಲ್ಸಿದ್ರು. ಐದು ವರ್ಷ ಆದ್ಮೇಲೆ, 2018ರ ನವೆಂಬರಲ್ಲಿ ಅಲ್ಲಿನದ್ದೇ ಎರಡು ಕ್ಲಬ್ಬು ರಿವರ್ ಪ್ಲೇಟ್ ಮತ್ತು ಬೋಕಾ ಜೂನಿಯರ್ಸ್ ಮಧ್ಯೆ ದಕ್ಷಿಣ ಅಮೆರಿಕದ ಕ್ಲಬ್ ಕಪ್ಪು ಕೋಪಾ ಲಿಬರ್ಟಡೋರೆಸ್ ಫೈನಲ್, ಒಬ್ಬೊಬ್ಬರ ಗ್ರೌಂಡಲ್ಲಿ ಒಂದೊಂದು ಮ್ಯಾಚು (ಲೆಗ್), ಎರಡಕ್ಕೂ ಹೋಮ್ ಫ್ಯಾನ್ಸ್ ಮಾತ್ರ. ಎರಡನೇ ಲೆಗ್‌ಗೆ ಬರ್ತಿದ್ದ ಬೋಕಾ ಆಟಗಾರರ ಬಸ್ಸಿಗೇ ಸ್ಟೇಡಿಯಂ ಹತ್ರ ಕಲ್ಲು ಬಿತ್ತು, ಗಾಜು ಒಡೀತು, ಆಟಗಾರರಿಗೆ ಗಾಯ ಆಯ್ತು, ಮ್ಯಾಚ್ ಮುಂದಕ್ಕೆ ಹೋಯ್ತು. ಕೊನೆಗೆ ಡಿಸೆಂಬರ್ 9ಕ್ಕೆ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಬೆರ್ನಬ್ಯೂ ಸ್ಟೇಡಿಯಂನಲ್ಲಿ ಆಡಿಸಿದ್ರು, ರಿವರ್ 3-1ರಲ್ಲಿ ಗೆದ್ದಿತು. ಇಲ್ಲೇ ಇರೋದು ಮಜಾ, ಮ್ಯಾಡ್ರಿಡ್‌ನಲ್ಲಿ ಎರಡೂ ಟೀಮಿನ ಫ್ಯಾನ್ಸ್‌ಗೂ ಟಿಕೆಟ್ ಕೊಟ್ಟಿದ್ರು, ಎರಡೂ ಕಡೆಯೋರೂ ಬಂದ್ರು, ಕೂಗಿದ್ರು, ಹೋದ್ರು. ಒಂದು ಕಡೆಯೋರು ಮಾತ್ರ ಇದ್ದಲ್ಲಿ ಮ್ಯಾಚ್ ಆಗ್ಲಿಲ್ಲ, ಇಬ್ರೂ ಇದ್ದಲ್ಲಿ ಆಯ್ತು. ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋದು ಬೇಡ ಅನ್ನೋದು ಇದಕ್ಕೇ.

ಹಾಗಂತ ಫ್ಯಾನ್ಸ್ ಎಲ್ಲಾ ದೇವರುಗಳು ಅಂತ ನಾನು ಹೇಳ್ತಿಲ್ಲ. 1985ರ ಮೇ 29ರಂದು ಬ್ರಸೆಲ್ಸ್‌ನ ಹೈಸೆಲ್ ಸ್ಟೇಡಿಯಂನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಮತ್ತು ಇಟಲಿಯ ಯುವೆಂಟಸ್ ಮಧ್ಯೆ ಯೂರೋಪಿಯನ್ ಕಪ್ ಫೈನಲ್‌ಗೆ ಮುಂಚೆ ಲಿವರ್‌ಪೂಲ್ ಕಡೆಯೋರು ಪಕ್ಕದ ಬ್ಲಾಕಿಗೆ ನುಗ್ಗಿದ್ರು, ಹೆದರಿ ಓಡಿದ ಜನದ ಒತ್ತಡಕ್ಕೆ ಗೋಡೆ ಕುಸೀತು, 39 ಜನ ಸತ್ರು, ಬಹಳಷ್ಟು ಇಟಲಿಯೋರು. ನುಗ್ಗಿದೋರಿಗೆ ಜೈಲಾಯ್ತು, ಆಗಬೇಕಾದ್ದೇ, ಇಂಗ್ಲಿಷ್ ಕ್ಲಬ್ಬುಗಳನ್ನ ಐದು ವರ್ಷ ಯೂರೋಪಿನ ಟೂರ್ನಿಗಳಿಂದ ಆಚೆ ಇಟ್ರು. ಆದ್ರೆ ಆ ಪಕ್ಕದ ಬ್ಲಾಕು ಯಾವ ಕಡೆಯೂ ಅಲ್ಲದ ನ್ಯೂಟ್ರಲ್ ಜನಕ್ಕೆ ಅಂತ ಮಾರಿದ್ದು, ಟಿಕೆಟ್ಟು ಯುವೆಂಟಸ್ ಫ್ಯಾನ್ಸ್ ಕೈಗೆ ಹೋಗಿತ್ತು, ಮಧ್ಯೆ ಇದ್ದದ್ದು ತೆಳ್ಳಗಿನ ತಂತಿ ಬೇಲಿ, ಸ್ಟೇಡಿಯಂ ಹಳೇದು, ಗೋಡೆಗಳು ಶಿಥಿಲ. ನನ್ನ ಸೀಟಿನ ಪಕ್ಕ ಬಟ್ಟೆ ಹೊದಿಸಿದ ಆ ಖಾಲಿ ಸಾಲುಗಳನ್ನ ನೋಡಿದಾಗ ನನಗೆ ಬೇಜಾರಾಗಲ್ಲ, ಅದು ಯಾಕಿದೆ ಅಂತ ಗೊತ್ತು.

ನಾಲ್ಕು ವರ್ಷ ಆದ್ಮೇಲೆ ಅದೇ ಲಿವರ್‌ಪೂಲ್ ಫ್ಯಾನ್ಸ್ ಇಂಗ್ಲೆಂಡಿನ ಶೆಫೀಲ್ಡ್‌ನ ಹಿಲ್ಸ್‌ಬರೋ ಸ್ಟೇಡಿಯಂಗೆ ಹೋಗಿದ್ರು, 1989ರ ಏಪ್ರಿಲ್ 15, ಎಫ್‌ಎ ಕಪ್ ಸೆಮಿಫೈನಲ್, ಆಡ್ತಿದ್ದ ಎರಡೂ ಟೀಮಿಗೂ ಹೊರಗಿನ ಗ್ರೌಂಡು. ಲೆಪ್ಪಿಂಗ್ಸ್ ಲೇನ್ ಕಡೆ ತಿರುಗೋ ಗೇಟುಗಳು ಸಾಲದೆ ಹೊರಗೆ ನೂಕುನುಗ್ಗಲು, ಪೊಲೀಸರು ದೊಡ್ಡ ಗೇಟ್ ತೆಗೆಸಿದ್ರು, ಆದ್ರೆ ಒಳಗೆ ಹೋದೋರನ್ನ ಪಕ್ಕದ ಖಾಲಿ ಜಾಗಕ್ಕೆ ತಿರುಗಿಸೋಕೆ ಯಾರೂ ನಿಂತಿರಲಿಲ್ಲ, ಎಲ್ರೂ ಎದುರಿಗೆ ಕಂಡ ಸುರಂಗದಲ್ಲಿ ಸೀದಾ ಹೋಗಿ ಆಗಲೇ ತುಂಬಿದ್ದ ಮಧ್ಯದ ಕಟಕಟೆಗಳಿಗೆ ಬಿದ್ರು. 97 ಜೀವ. ಮೊದಲ ದಿನದಿಂದಲೇ ಕುಡುಕರು, ಟಿಕೆಟ್ ಇಲ್ದೋರು ಅಂತ ತಪ್ಪನ್ನ ಫ್ಯಾನ್ಸ್ ತಲೆಗೇ ಕಟ್ಟಿದ್ರು. ಅದಲ್ಲ, ಫ್ಯಾನ್ಸ್ ನಡವಳಿಕೆ ಕಾರಣ ಅಲ್ವೇ ಅಲ್ಲ ಅಂತ ಜ್ಯೂರಿ ಹೇಳಿದ್ದು 2016ರಲ್ಲಿ, 27 ವರ್ಷಕ್ಕೆ. ಒಂದು ಬೋರ್ಡು, ಸುರಂಗದ ಬಾಯಲ್ಲಿ ನಾಲ್ಕು ಜನ ಸ್ಟೀವರ್ಡು ಇದ್ದಿದ್ರೆ ಅಂತ ಅನ್ನಿಸುತ್ತೆ ಪ್ರತಿ ಸಲ ಓದಿದಾಗ್ಲೂ.

ಬುದ್ಧಿ ಬಂತಾ? 2022ರ ಮೇ 28ರಂದು ಪ್ಯಾರಿಸ್ ಹತ್ತಿರದ ಸ್ಟಾಡ್ ದ ಫ್ರಾನ್ಸ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್, ಮತ್ತೆ ಲಿವರ್‌ಪೂಲ್, ಎದುರಿಗೆ ರಿಯಲ್ ಮ್ಯಾಡ್ರಿಡ್. ಗೇಟುಗಳ ಹೊರಗೆ ಜನ ಗಂಟೆಗಟ್ಲೆ ಸಿಕ್ಕಾಕ್ಕೊಂಡ್ರು, ಮೇಲಿಂದ ಅಶ್ರುವಾಯು, ಮ್ಯಾಚ್ ಅರ್ಧ ಗಂಟೆಗಿಂತ ಹೆಚ್ಚು ಲೇಟು. ಒಳಗೆ ಸ್ಕ್ರೀನ್ ಮೇಲೆ ಏನ್ ಹಾಕಿದ್ರು ಗೊತ್ತಾ, ಫ್ಯಾನ್ಸ್ ತಡವಾಗಿ ಬಂದಿದ್ದರಿಂದ ಮ್ಯಾಚ್ ತಡ ಅಂತ. ಹೊರಗೆ ಆಗಲೇ ಎರಡು ಗಂಟೆಯಿಂದ ನಿಂತಿದ್ದೋರು ಇದ್ರು. ಮುಂದಿನ ವರ್ಷ ಬಂದ ಸ್ವತಂತ್ರ ವರದಿ ಮುಖ್ಯ ಹೊಣೆ ಯೂರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎದ್ದೇ ಅಂತ ಹೇಳ್ತು. ಸಂಪಾದಕರೇ, ನಿಮ್ಮನ್ನೂ ಸೇರಿಸಿ ಹೇಳ್ತಿದೀನಿ ಬೇಜಾರ್ ಮಾಡ್ಕೋಬೇಡಿ, ಆ ಮೊದಲ ದಿನದ ಸುದ್ದಿ ಪೇಪರಲ್ಲಿ ದೊಡ್ಡಕ್ಕೆ ಬರುತ್ತೆ, ವರದಿ ಬಂದಾಗ ಏಳನೇ ಪೇಜಿನ ಕೆಳಗೆ ಎರಡು ಇಂಚು.

ಫ್ಯಾನ್ಸ್ ಇಲ್ದಿದ್ರೆ ಆಟ ಹೆಂಗಿರುತ್ತೆ ಅಂತ ನಾವೆಲ್ಲ 2020ರಲ್ಲಿ ನೋಡಿದೀವಿ. ಖಾಲಿ ಸ್ಟೇಡಿಯಂ, ಟೀವಿಯೋರು ರೆಕಾರ್ಡ್ ಮಾಡಿದ ಕೂಗನ್ನ ಹಿಂದೆ ಹಾಕ್ತಿದ್ರು, ಕೋಚ್ ಬೈಯ್ಯೋದು ಸ್ಪಷ್ಟವಾಗಿ ಕೇಳ್ತಿತ್ತು. ಹೋಮ್ ಗ್ರೌಂಡಿನ ಲಾಭ ಅನ್ನೋದೇ ಸೊರಗಿ ಹೋಯ್ತು. ಆನ್‌ಫೀಲ್ಡಲ್ಲಿ ಸೋಲೋದೇ ಅಪರೂಪ ಅನ್ನಿಸ್ಕೊಂಡಿದ್ದ ಲಿವರ್‌ಪೂಲು 2021ರ ಶುರುವಿನಲ್ಲಿ ಅದೇ ಗ್ರೌಂಡಲ್ಲಿ ಸತತ ಆರು ಲೀಗ್ ಮ್ಯಾಚ್ ಸೋತಿತು. ಕೂಗೋರು ಬೇಕು, ಕೂಗಿಗೆ ಎದುರು ಕೂಗೋರೂ ಬೇಕು. ನಾವಿಲ್ದಿದ್ರೆ ಆ ಹೋಮ್ ಫ್ಯಾನ್ಸ್ ಯಾರನ್ನ ರೇಗಿಸ್ತಾರೆ, ಅವರೇ ಅವರ ಗೋಲ್‌ಕೀಪರನ್ನ ಬೈಯ್ಯೋಕೆ ಶುರು ಮಾಡ್ತಾರೆ ಅಷ್ಟೇ.

ನಮ್ಮೋರ ತಪ್ಪೂ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಏಕಪಕ್ಷೀಯ ಅಂತೀರಿ. ಸೀಟು ಮುರಿಯೋರು ಇದಾರೆ. ಸತ್ತೋರ ಬಗ್ಗೆ, ಹಳೇ ದುರಂತಗಳ ಬಗ್ಗೆ ಹಾಡು ಕಟ್ಟಿ ಹೇಳೋ ಅಸಹ್ಯದೋರು ಇದಾರೆ, ಅವರ ಪಕ್ಕ ನಿಂತು ನಾನು ಎಷ್ಟೋ ಸಲ ಸುಮ್ನಿದ್ದೆ, ಅದೂ ತಪ್ಪೇ. ಹೊಗೆ ಪಟಾಕಿ ಹಚ್ಚೋರಿಗಂತೂ ಪಕ್ಕದಲ್ಲಿ ಮಗು ಇದೆ ಅನ್ನೋ ಜ್ಞಾನವೂ ಇರಲ್ಲ. ಅವರನ್ನ ಹಿಡೀರಿ, ಹೆಸರಿದೆ, ಸೀಟ್ ನಂಬರ್ ಇದೆ, ಬ್ಯಾನ್ ಮಾಡಿ, ನಾನೇ ಸಾಕ್ಷಿ ಹೇಳ್ತೀನಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡಿ ಅನ್ನೋದು ನನ್ನ ಕೋರಿಕೆ.

ಅವೇ ಫ್ಯಾನ್ ಅಂದ್ರೆ ಬೇಡದೋನು ಅಂತ ಎಲ್ಲರೂ ಅನ್ಕೊಂಡಿಲ್ಲ, ಬದಲಾಗಿದ್ದೂ ಇದೆ. ಇಂಗ್ಲೆಂಡಲ್ಲಿ ಫ್ಯಾನ್ಸ್ ಸಂಘಗಳು ವರ್ಷಗಟ್ಲೆ ಗಂಟಲು ಹರ್ಕೊಂಡ್ಮೇಲೆ 2016-17ರಿಂದ ಪ್ರೀಮಿಯರ್ ಲೀಗ್ ಅವೇ ಟಿಕೆಟ್ಟು 30 ಪೌಂಡ್ ಮೀರಂಗಿಲ್ಲ ಅಂತಾಯ್ತು. ಚಾಂಪಿಯನ್ಸ್ ಲೀಗಲ್ಲಿ ಅವೇ ಟಿಕೆಟ್ಟಿಗೆ 2024-25ಕ್ಕೆ 60 ಯೂರೋ, 2025-26ಕ್ಕೆ 50 ಯೂರೋ ಮಿತಿ ಹಾಕಿದ್ರು. ಜರ್ಮನೀಲಿ ಸೋಮವಾರ ರಾತ್ರಿ ಮ್ಯಾಚ್ ಇಟ್ರೆ ದೂರದಿಂದ ಬರೋನು ಮಂಗಳವಾರ ಕೆಲಸಕ್ಕೆ ಹೆಂಗೆ ಹೋಗೋದು ಅಂತ ಫ್ಯಾನ್ಸ್ ಮೈದಾನಕ್ಕೆ ಟೆನಿಸ್ ಬಾಲ್ ಎಸೆದು ಪ್ರತಿಭಟನೆ ಮಾಡಿದ್ರು, 2021-22ರಿಂದ ಬುಂಡೆಸ್‌ಲಿಗಾದಲ್ಲಿ ಸೋಮವಾರದ ಮ್ಯಾಚೇ ಇಲ್ಲ. ಟೀವಿಗೋಸ್ಕರ ಟೈಮ್ ಬದಲಾಯಿಸೋರು ಕೊನೆ ಟ್ರೈನ್ ಎಷ್ಟೊತ್ತಿಗೆ ಅಂತ ಒಂದು ಸಲನಾದ್ರೂ ನೋಡಿದಾರಾ ಅನ್ನೋದು ನಮ್ಮ ಬಳಗದಲ್ಲಿ ನಿತ್ಯದ ಗೊಣಗಾಟ. ಇನ್ನೊಂದು, ಯುಇಎಫ್‌ಎ ಲೈಸೆನ್ಸ್ ನಿಯಮದಲ್ಲಿ 2012-13ರಿಂದ ಪ್ರತಿ ಕ್ಲಬ್ಬಿಗೂ ಫ್ಯಾನ್ಸ್ ಜೊತೆ ಮಾತಾಡೋಕೆ ಅಂತಲೇ ಒಬ್ಬ ಅಧಿಕಾರಿ ಇರಬೇಕು. ಆ ಸ್ಟೀವರ್ಡ್ ಹುಡುಗಿ ತಾನಾಗೇ ಮಾಡಿದ ಕೆಲಸಾನೇ ಅದು, ಇಂಥದ್ದಕ್ಕೆ ಒಂದು ಕುರ್ಚಿ, ಒಂದು ಫೋನ್ ನಂಬರ್ ಇರೋದು ಎಷ್ಟು ದೊಡ್ಡ ಮಾತು.

ನಿಮ್ಮಿಂದ ಏನಾಗಬೇಕು ಅಂತ ಕೇಳಿದ್ರೆ, ಮ್ಯಾಚ್ ಹಿಂದಿನ ದಿನ ಸ್ಪೋರ್ಟ್ಸ್ ಪೇಜಲ್ಲಿ ಯಾರು ಫಿಟ್ಟು ಯಾರು ಅನ್‌ಫಿಟ್ಟು ಅಂತ ಅರ್ಧ ಪೇಜು ಹಾಕ್ತೀರಲ್ಲ, ಅದರ ಕೆಳಗೆ ನಾಲ್ಕು ಸಾಲು ಅವೇ ಫ್ಯಾನ್ಸ್‌ಗೆ ಅಂತ ಹಾಕಿ. ಯಾವ ಗೇಟು, ಎಷ್ಟೊತ್ತಿಗೆ ತೆಗೀತಾರೆ, ಏನು ಒಳಗೆ ಬಿಡಲ್ಲ, ಮುಗಿದ್ಮೇಲೆ ಎಷ್ಟೊತ್ತು ಹಿಡಿದಿಡ್ತಾರೆ. ಈ ಮಾಹಿತಿ ಕ್ಲಬ್ಬಿನೋರ ಹತ್ರ ಇರುತ್ತೆ, ಕೇಳೋರಿಲ್ಲ ಅಷ್ಟೇ, ಪೇಪರಿನೋರು ಫೋನ್ ಮಾಡಿದ್ರೆ ಅವರೂ ಕೂತು ಯೋಚ್ನೆ ಮಾಡ್ತಾರೆ. ಮುಂದೆ ಎಲ್ಲಾದ್ರೂ ಗಲಾಟೆ ಆಯ್ತು ಅಂದ್ರೆ ನಿಮ್ಮ ವರದಿಗಾರರು ಎಷ್ಟು ಜನರನ್ನ ಬಂಧಿಸಿದ್ರು ಅಂತ ಕೇಳೋ ಜೊತೆಗೆ ಎಷ್ಟು ಗೇಟ್ ತೆಗೆದಿತ್ತು ಅಂತಲೂ ಕೇಳಲಿ.

ಆ ಪತ್ರ ಬರೆದ ಓದುಗರಿಗೆ ನನ್ನ ಮೇಲೆ ಕೋಪ ಬೇಡ. ಅವರನ್ನೇ ಒಂದು ಅವೇ ಮ್ಯಾಚ್‌ಗೆ ಕರ್ಕೊಂಡು ಹೋಗೋಣ ಅಂತ ಅನ್ಕೊಂಡೆ, ಆದ್ರೆ ಅವರ ಹತ್ರ ಪಾಯಿಂಟ್ ಇಲ್ವಲ್ಲ, ಟಿಕೆಟ್ ಸಿಗಲ್ಲ. ಮುಂದಿನ ತಿಂಗಳು ನಾನು ಮತ್ತೆ ನನ್ನ ಅಕ್ಕನ ಮಗ ಇನ್ನೊಂದಕ್ಕೆ ಹೊರಟಿದೀವಿ. ನಿನ್ನೆ ಮನೆಗೆ ಬಂದಿದ್ದ, ಹೊಸ ರಟ್ಟು ಬೇಕು ಅಂದ. ಕೋಲು ಕೊಡ್ಲಾ ಅಂತ ಕೇಳಿದ್ದಕ್ಕೆ, "ಬೇಡ ಮಾಮ, ಕೈಯಲ್ಲೇ ಹಿಡ್ಕೋತೀನಿ, ಜಿಪ್ ಒಳಗೆ ಹಿಡಿಯೋ ಸೈಜಿಗೆ ಕತ್ತರಿಸ್ಕೊಡು" ಅಂದ.

ಇಂತಿ,
ನಿಮ್ಮ ಖಾಯಂ ಓದುಗ, ಅವೇ ಸ್ಟ್ಯಾಂಡಿನ ಕಂಬದ ಹಿಂದಿನ ಸೀಟಿನವನು